ಅಮೃತಪ್ಪನವರ ಫಿಯಟ್ಟಿನ ಮುಳ್ಳು

ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ... ಹಾಂ, ಅಷ್ಟು ಸಾಕು. ಇದು ಜೋರಾಗಿ ಹೇಳುವ ಮಾತಲ್ಲ.

ನಾರಾಯಣಗೂಡದ ಗುರುಬಸವನಿಗೆ ಆದದ್ದು ಇದು. ಅವರಿವರ ಬಾಯಿಂದ ಬಂದದ್ದಲ್ಲ, ಅವನೇ ಹೇಳಿದ್ದು. ಕೋಚಿಂಗ್ ಸೆಂಟರಿನಲ್ಲಿ ಹುಡುಗರಿಗೆ ಫಿಸಿಕ್ಸ್ ಹೇಳುವ ಮೇಷ್ಟ್ರು ಅವನು. ಅಳತೆಗೆ ಸಿಗದ್ದು ಲೋಕದಲ್ಲಿ ಇಲ್ಲವೇ ಇಲ್ಲ ಅನ್ನುವ ಆಸಾಮಿ. ನಾಲ್ಕು ಜನ ಕೂತು ದೆವ್ವದ ಮಾತು ತೆಗೆದರೆ, ನೀವು ಮುಗಿಸಿಕೊಳ್ಳಿ, ನಾನು ಚಹಾ ಹೇಳಿ ಬರ್ತೀನಿ ಅಂತ ಎದ್ದು ಹೋಗುತ್ತಿದ್ದ. ಅಂಥವನ ಮನೆಗೇ ಬಂತು ನೋಡಿ.

ಡಿಸೆಂಬರ್ ತಿಂಗಳು. ಹೈದರಾಬಾದಿನ ಚಳಿ ನಿಮಗೆ ಗೊತ್ತಲ್ಲ, ಹಗಲೆಲ್ಲ ಇಲ್ಲದ ಹಾಗೆ ಇದ್ದು ರಾತ್ರಿ ಮೂಳೆಗೆ ಇಳಿಯುತ್ತದೆ. ಕೊನೆಯ ಬ್ಯಾಚು ಮುಗಿಸಿ ಗುರುಬಸವ ನಡೆದೇ ಮನೆಗೆ ಹೊರಟಿದ್ದ. ಅವರ ಓಣಿಯ ತಿರುವಿನಲ್ಲಿ ಕಬ್ಬಿಣದ ಜಾಳಿಗೆ ಮುಚ್ಚಿದ ಹಳೇ ಬಾವಿ ಒಂದಿದೆ. ಅದನ್ನು ದಾಟುವಾಗ ಒಳಗೆ ಸದ್ದಾಯಿತು... ಗುಳುಂ. ಕಪ್ಪೆ ಇರಬೇಕು ಅಂದುಕೊಂಡ. ಕಪ್ಪೆಯೇ. ಬಾವಿಗೂ ಈ ಕತೆಗೂ ಸಂಬಂಧ ಇಲ್ಲ, ಸುಮ್ಮನೆ ಅದರ ಮೇಲೆ ಅನುಮಾನ ಪಡಬೇಡಿ.

ಸಂಬಂಧ ಇರುವುದು ಅವನು ತನ್ನ ಮನೆಯ ಗೇಟು ತೆಗೆದ ಮೇಲೆ ಕೇಳಿದ ಸದ್ದಿಗೆ.

ಟಿಕ್... ಟಿಕ್... ಸ್ವಲ್ಪ ತಡೆದು ಮತ್ತೆ... ಟಿಕ್.

ದೂರ ಓಡಿ ಬಂದ ಕಾರು ನಿಲ್ಲಿಸಿದ ಮೇಲೆ ಇಂಜಿನ್ನು ಆರುವಾಗ ಹೀಗೆ ಸದ್ದು ಮಾಡುತ್ತದೆ. ಕಾದ ಕಬ್ಬಿಣ ತಣ್ಣಗಾಗುತ್ತ ಕುಗ್ಗುವ ಸದ್ದು ಅದು, ಮಕ್ಕಳಿಗೆ ಅವನೇ ಪಾಠ ಹೇಳಿದ್ದಾನೆ. ಆದರೆ ಅವರ ಮನೆಯಲ್ಲಿ ಇದ್ದದ್ದು ಒಂದೇ ಕಾರು, ಅಪ್ಪನ ಹಳೆಯ ಫಿಯಟ್. ಬೇವಿನ ಮರದ ಕೆಳಗೆ ನಿಂತಿತ್ತು. ಅಪ್ಪ ಅಮೃತಪ್ಪ ಮಳೆಗಾಲದಲ್ಲಿ ತೀರಿಕೊಂಡ ದಿನದಿಂದ ಅದನ್ನು ಯಾರೂ ಓಡಿಸಿರಲಿಲ್ಲ. ಬ್ಯಾಟರಿ ಕೂಡ ಸತ್ತಿತ್ತು.

ಗುರುಬಸವ ಹತ್ತಿರ ಹೋದ. ಒಳಗೆ ಪಿಸುಮಾತು ಕೇಳಿಸಿತು... ಅವನ ತಾಯಿ ಶರಣಬಸಮ್ಮನ ದನಿ. ಚಾಲಕನ ಪಕ್ಕದ ಸೀಟಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಉಂಡಿರೇನು, ಚಳಿ ಆಗತೈತೇನು ಅಂತ ಯಾರನ್ನೋ ಕೇಳುತ್ತಿದ್ದಳು. ಕೇಳಿ, ಉತ್ತರಕ್ಕೆ ಕಾಯುವವಳ ಹಾಗೆ ಸುಮ್ಮನಾಗುತ್ತಿದ್ದಳು.

"ಅವ್ವಾ... ಇಲ್ಲೇನ್ ಮಾಡಾಕತ್ತಿ?"

"ಸಣ್ಣಗ ಮಾತಾಡೊ. ಇಲ್ಲಿ ಬಾ, ಕೈ ಕೊಡು."

ಅವನ ಕೈ ಹಿಡಿದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ಈಗಿನ ಕಾರುಗಳ ಹಾಗೆ ಪ್ಲಾಸ್ಟಿಕ್ ಅಲ್ಲ, ಆ ಗಾಡಿಯದು ಅಪ್ಪಟ ಕಬ್ಬಿಣದ ತಗಡು, ಹೊರಮೈಗೆ ಹೊಡೆದ ಕೆನೆ ಬಣ್ಣವೇ ಅದಕ್ಕೂ. ಡಿಸೆಂಬರಿನ ರಾತ್ರಿ ಅದು ಮಂಜಿನಂತೆ ಕೊರೆಯಬೇಕಿತ್ತು. ಬೆಚ್ಚಗಿತ್ತು... ಎಲ್ಲ ಕಡೆ ಅಲ್ಲ. ಆಶ್‌ಟ್ರೇ ಇದ್ದ ಜಾಗದ ಸುತ್ತ, ಅಂಗೈ ಅಗಲದಷ್ಟು.

ಹಗಲಿನ ಬಿಸಿಲಿಗೆ ಕಾದಿದೆ ಅಂದ ಗುರುಬಸವ. ಬೇವಿನ ಬುಡಕ್ಕೆ ಯಾವ ಬಿಸಿಲು ಬರುತ್ತದೆ ಅಂತ ಅವ್ವ ನಕ್ಕಳು. ಅವನಿಗೆ ನಗು ಬರಲಿಲ್ಲ. ಅವಳ ರೆಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ.

ಇಲ್ಲಿ ಅಮೃತಪ್ಪನವರ ವಿಷಯ ಒಂದಿಷ್ಟು ಹೇಳಬೇಕು. ಲಿಂಗಸೂಗೂರ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು ಬಟ್ಟೆ ವ್ಯಾಪಾರ ಹಚ್ಚಿದರು. ಆ ಕಾಲಕ್ಕೆ ನಮ್ಮ ಕನ್ನಡದವರಲ್ಲಿ ಕಾರು ಇದ್ದವರೇ ಅಪರೂಪ. ರಾಯಚೂರು, ಯಾದಗಿರಿ ಕಡೆಯಿಂದ ದವಾಖಾನೆಗೆ ಅಂತ ಯಾರು ಬಂದರೂ ಕಾಚಿಗೂಡ ಸ್ಟೇಷನ್ನಿನಲ್ಲಿ ಈ ಫಿಯಟ್ಟು ಕಾದಿರುತ್ತಿತ್ತು. ಪರಿಚಯ ಬೇಕಿರಲಿಲ್ಲ, ನಮ್ಮ ಮಾತು ಆಡಿದರೆ ಸಾಕು. ರೋಗಿಯನ್ನು ಒಯ್ದು ದವಾಖಾನೆಯಲ್ಲಿ ಇಳಿಸಿ, ಅವರ ಜೊತೆಯವರಿಗೆ ಮನೆಯಿಂದ ರೊಟ್ಟಿ ಬುತ್ತಿ ಕೊಟ್ಟು ಬರುವವರು. ಅಂಥ ಮನುಷ್ಯ ಹೋದರೆ ಮನೆ ಖಾಲಿ ಆಗದೆ ಇರುತ್ತದೆಯೇ? ಶರಣಬಸಮ್ಮ ಅಳಲೂ ಇಲ್ಲ. ಮಣ್ಣು ಮುಗಿಸಿ ಬಂದ ದಿನದಿಂದ ಮಾತು ಬಿಟ್ಟಳು. ಊಟ ಬಿಟ್ಟಳು. ತುತ್ತು ಬಾಯಿಗಿಟ್ಟರೆ ಅಗಿಯುವುದನ್ನೇ ಮರೆತು ಕೂರುತ್ತಿದ್ದಳು. ಇನ್ನು ಇವಳೂ ನಮಗೆ ದಕ್ಕುವುದಿಲ್ಲ ಅಂತ ಮಗ ಕೈಚೆಲ್ಲಿ ಕೂತಿದ್ದ.

ದೀಪಾವಳಿ ಆದ ಮೇಲೆ ಇದ್ದಕ್ಕಿದ್ದಂತೆ ಚೇತರಿಸಿಕೊಂಡಳು. ಕರೆದು ಬಡಿಸುವ ಮೊದಲೇ ತಟ್ಟೆ ಹಾಕಿಕೊಂಡು ಕೂರತೊಡಗಿದಳು. ಸೊಸೆ ಕಾವ್ಯಾಳ ಜೊತೆ ಸೊಪ್ಪು ಸೋಸುತ್ತ ಹಳೆಯ ಮಾತು ತೆಗೆದಳು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ಯಾಕೆ ಅಂತ ಯಾರೂ ಕೇಳಲಿಲ್ಲ. ಕಾರಣ ಕಂಡದ್ದು ಆ ರಾತ್ರಿಯೇ.

ಕಾವ್ಯಾ ಸಿಟ್ಟಿನವಳಲ್ಲ, ಅತ್ತೆ ಅಂದರೆ ಪ್ರೀತಿ ಇದ್ದವಳು. ಆದರೂ ಅವಳು ಹೆದರಿದಳು. ಇವತ್ತು ಕಾರಿನಲ್ಲಿ ಮಾತಾಡುತ್ತಾರೆ, ನಾಳೆ ಗೇಟು ತೆಗೆದು ರಸ್ತೆಗೆ ಹೋದರೆ ಏನು ಗತಿ? ಬೇಗಂಪೇಟೆಯಲ್ಲಿ ಮನಸ್ಸಿನ ಡಾಕ್ಟರು ಒಬ್ಬರು ಇದ್ದಾರಂತೆ, ತೋರಿಸೋಣ ಅಂದಳು. ಗುರುಬಸವ ಎರಡೂ ಕಡೆ ತೂಗಿ ನೋಡಿದ. ಗುಳಿಗೆ ಕೊಟ್ಟರೆ ಅವ್ವ ಮಂಕಾಗಿ ಮೂಲೆ ಹಿಡಿಯುತ್ತಾಳೆ. ಕೊಡದಿದ್ದರೆ ಈ ಹುಚ್ಚು ಎಲ್ಲಿಗೆ ಮುಟ್ಟುತ್ತದೋ. ಹೇಗೋ ಮಾಡಿ ಅವ್ವನಿಗೇ ಮನವರಿಕೆ ಮಾಡಿಕೊಡಬೇಕು, ಗಾಡಿಯಲ್ಲಿ ಯಾರೂ ಇಲ್ಲ, ಬಿಸಿಯೂ ಇಲ್ಲ ಅಂತ. ಮೇಷ್ಟ್ರಲ್ಲವೇ, ದಾರಿ ಹೊಳೆಯಿತು. ಬಿಸಿ ಅನ್ನುವುದು ಅಳೆಯಲಿಕ್ಕೆ ಬರುವ ವಸ್ತು.

ಹಾಗೆ ಬಂತು ಗೇಜು.

ಮಾದಾಪುರದಲ್ಲಿ ಹೇಮಂತ ಅಂತ ಒಬ್ಬ ಇದ್ದಾನೆ. ಮೈಸೂರಿನವನು, ಕಂಪ್ಯೂಟರ್ ಕೆಲಸ, ಹಳೆ ಕಾರುಗಳ ಹುಚ್ಚು. ಅಮೃತಪ್ಪನವರ ಫಿಯಟ್ಟನ್ನು ಎಲ್ಲೋ ಕಂಡು, ಹಿಂದೆ ಬಿದ್ದು, ಮನೆಯವನೇ ಆಗಿಬಿಟ್ಟಿದ್ದ. ಗಾಡಿ ಮತ್ತೆ ಓಡಿಸಬೇಕಾದರೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಹಾಕಿಸಿ ಅಂತ ಅವನು ಮೊದಲಿನಿಂದಲೂ ಹೇಳುತ್ತಿದ್ದ. ಆ ಗಾಡಿಯಲ್ಲಿ ಕಂಪನಿ ಕೊಟ್ಟದ್ದು ಒಂದು ಕೆಂಪು ದೀಪ ಮಾತ್ರ. ಅಮೃತಪ್ಪ ಇರುವವರೆಗೆ ಮುಳ್ಳು ಗಿಳ್ಳು ಬೇಡ ಅನ್ನುತ್ತಿದ್ದರು. ಈಗ ಗುರುಬಸವನೇ ಫೋನು ಮಾಡಿ ಬಾ ಅಂದ. ಯಾಕೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಭಾನುವಾರ ಹೇಮಂತ ಡಬ್ಬಿ ಹಿಡಿದು ಬಂದ. ಡಬ್ಬಿಯಲ್ಲಿ ಬಿಲ್ಲೆಯಂಥ ದುಂಡನೆ ಗೇಜು, ಅದರ ಬೆನ್ನಿಗೆ ಎಳೆ ತಾಮ್ರದ ಉದ್ದ ಕೊಳವೆ, ಕೊಳವೆಯ ತುದಿಗೆ ಕಿರುಬೆರಳ ತುದಿಯಷ್ಟು ಹಿತ್ತಾಳೆಯ ಗುಂಡು. ಗುಂಡನ್ನು ಇಂಜಿನ್ನಿನ ನೀರಿನಲ್ಲಿ ಕೂರಿಸಬೇಕು. ಗುಂಡು ಕಾದರೆ ಕೊಳವೆಯ ಒಳಗಿನದು ಹಿಗ್ಗಿ ಮುಳ್ಳನ್ನು ತಳ್ಳುತ್ತದೆ. ತಂತಿ ಇಲ್ಲ, ಬ್ಯಾಟರಿ ಬೇಕಿಲ್ಲ. ಗುರುಬಸವನಿಗೆ ಇದು ಭಾಳ ಹಿಡಿಸಿತು. ಸುಳ್ಳು ಹೇಳಲಿಕ್ಕೆ ಇದಕ್ಕೆ ದಾರಿಯೇ ಇಲ್ಲ ಅಂತ ಅದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

ಎಲ್ಲಿ ಕೂರಿಸುವುದು ಅಂತ ಚರ್ಚೆ ನಡೆಯಿತು. ಗುರುಬಸವ ಡ್ರಿಲ್ಲು ತರಲೇ ಅಂದ. ಹೇಮಂತನ ಮುಖ ಯಾರೋ ಅವನ ಹಲ್ಲಿಗೇ ಡ್ರಿಲ್ಲು ಇಟ್ಟ ಹಾಗಾಯಿತು.

"ಸಾರ್, ಇದು ಒರಿಜಿನಲ್ ತಗಡು. ಒಂದು ತೂತು ಬಿದ್ರೂ ನಾನು ಇನ್ನು ನಿಮ್ಮನೆ ಕಡೆ ತಲೆ ಹಾಕಲ್ಲ."

ಅವನ ಉಪಾಯವೇ ಬೇರೆ. ಡ್ಯಾಶ್‌ಬೋರ್ಡಿನ ನಡುವೆ ಆಶ್‌ಟ್ರೇ ಇತ್ತು. ಅಮೃತಪ್ಪ ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವರಲ್ಲ. ಯಾವಾಗಲೋ ಬಣ್ಣ ಹೊಡೆಸಿದಾಗ ಅದು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಅದನ್ನು ಕಿತ್ತು, ಆ ಬಾಯಿಗೆ ಸರಿಯಾಗಿ ಒಂದು ತಗಡಿನ ಬಳೆ ಮಾಡಿಸಿ, ಬಳೆಯಲ್ಲಿ ಗೇಜು ಕೂರಿಸಿದರೆ ಒಂದು ಗೀರೂ ಬೀಳುವುದಿಲ್ಲ. ಬೇಡ ಅಂದ ದಿನ ಆಶ್‌ಟ್ರೇ ವಾಪಸು ಹಾಕಬಹುದು. ಆದರೆ ಮೊದಲು ಗೇಜು ಸರಿ ಇದೆಯಾ ನೋಡಿ ಆಮೇಲೆ ಕೂರಿಸುವುದು ಪದ್ಧತಿ. ನೋಡಹೋದರೆ ಗುಂಡು ಕೂರಿಸುವ ತಿರುಪು ಇಂಜಿನ್ನಿನ ತೂತಿಗೆ ಹೊಂದಲಿಲ್ಲ, ಲೇತಿನಲ್ಲಿ ಒಂದು ತುಣುಕು ಕಡೆಸಬೇಕಾಯಿತು. ಸರಿ, ಮುಂದಿನ ಭಾನುವಾರಕ್ಕೆ ಅಂತ ಹೇಮಂತ ಗೇಜನ್ನು ಡ್ಯಾಶ್‌ಬೋರ್ಡಿನ ಕೆಳಗೆ ಸಣ್ಣ ತಂತಿಯಿಂದ ತೂಗುಹಾಕಿದ. ಉಳಿದ ಕೊಳವೆಯನ್ನು ಸುರುಳಿ ಸುತ್ತಿ, ಗುಂಡಿನ ಸಮೇತ ತಗಡಿನ ಹಿಂದೆ, ಆಶ್‌ಟ್ರೇಯ ಬೆನ್ನಿಗೆ ತಳ್ಳಿ ಹೋದ.

ತಿಳಿಯಿತಲ್ಲ? ಗುಂಡು ಇಂಜಿನ್ನಿನಲ್ಲಿ ಇರಲಿಲ್ಲ. ತಗಡಿನ ಹಿಂದಿನ ಕತ್ತಲಲ್ಲಿ ಸುಮ್ಮನೆ ಬಿದ್ದಿತ್ತು.

ಆ ರಾತ್ರಿ ಗುರುಬಸವ ತಾನೇ ಅವ್ವನ ಜೊತೆ ಹೋಗಿ ಕಾರಿನಲ್ಲಿ ಕೂತ. ಮೊಬೈಲಿನ ಬೆಳಕು ಹಿಡಿದು ತೋರಿಸಿದ. ನೋಡು, ಮುಳ್ಳು ತಳಕ್ಕೆ ಬಿದ್ದಿದೆ. ಬಿಸಿ ಇದ್ದರೆ ಇದು ಏಳುತ್ತದೆ. ಇದಕ್ಕೆ ಆಸೆ ಇಲ್ಲ, ನೆನಪು ಇಲ್ಲ, ಇದು ಇದ್ದದ್ದನ್ನು ಹೇಳುತ್ತದೆ. ಅವ್ವ ತಲೆ ಆಡಿಸಿದಳು, ಪಾಠ ಕೇಳುವ ಜಾಣ ಹುಡುಗಿಯ ಹಾಗೆ. ಆಮೇಲೆ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು.

ಇಬ್ಬರೂ ಸುಮ್ಮನೆ ಕೂತರು... ಓಣಿಯಲ್ಲಿ ಒಂದು ಆಟೋ ಹೋದ ಸದ್ದು. ಬೇವಿನ ಕಡ್ಡಿಯೊಂದು ಕಾರಿನ ತಲೆಯ ಮೇಲೆ ಬಿದ್ದು ಜಾರಿತು, ಸರ್... ಆಮೇಲೆ ಏನೂ ಇಲ್ಲ.

ಟಿಕ್.

"ಬಂದ್ರು," ಅಂದಳು ಅವ್ವ.

ಮುಳ್ಳು ಅಲುಗಿತು. ಹಾರಲಿಲ್ಲ, ನಡುಗಲಿಲ್ಲ. ನಿದ್ದೆಯಿಂದ ಏಳುವವರು ಏಳುವ ಹಾಗೆ ನಿಧಾನ ಎದ್ದಿತು. ಮೊದಲ ಬಿಳಿ ಗೆರೆ ದಾಟಿ, ಅದರ ಪಕ್ಕ ಒಂದು ಕೂದಲಿನಷ್ಟು ಆಚೆ... ಅಲ್ಲಿ ನಿಂತಿತು.

ಗುರುಬಸವ ಬೆಳಕನ್ನು ಇನ್ನೂ ಹತ್ತಿರ ಹಿಡಿದ. ಮೇಷ್ಟ್ರು ಮೇಷ್ಟ್ರೇ. ಗೇಜು ಕೆಟ್ಟಿರಬೇಕು ಅಂದುಕೊಂಡ. ಕೈ ಕೆಳಗೆ ಹಾಕಿ ಕೊಳವೆ ಎಳೆದ. ಗುಂಡು ಹೊರಗೆ ಬಂತು, ಮುಳ್ಳು ಮೆಲ್ಲಗೆ ತಳಕ್ಕೆ ಇಳಿಯಿತು. ಗೇಜು ಸರಿ ಇದೆ. ಈಗ ಆ ಗುಂಡನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಕಾದ. ಮುಳ್ಳು ಎದ್ದಿತು. ಬಿಳಿ ಗೆರೆ ದಾಟಿತು. ಒಂದು ಕೂದಲಿನಷ್ಟು ಆಚೆ ಹೋಗಿ ನಿಂತಿತು.

ಅದೇ ಜಾಗ. ಹೆಚ್ಚಿಲ್ಲ, ಕಡಿಮೆ ಇಲ್ಲ.

ಇಂಜಿನ್ನಿನ ಬಿಸಿ ಆದರೆ ಮುಳ್ಳು ಇನ್ನೂ ಎಷ್ಟೋ ಮೇಲಕ್ಕೆ ಹೋಗಬೇಕು. ಹಗಲಿನ ಬಿಸಿಲಿನದಾದರೆ ಇಷ್ಟೂ ಏಳಬಾರದು. ಇದು ಮನುಷ್ಯನ ಮುಷ್ಟಿಯ ಬಿಸಿ. ಅಳತೆ ಕಲಿಸಿದವನಿಗೆ ಅಳತೆಯೇ ಹೇಳುತ್ತಿತ್ತು, ಆ ತಗಡಿನ ಹಿಂದೆ ಯಾರೋ ಗುಂಡನ್ನು ಕೈಯಲ್ಲಿ ಹಿಡಿದಿದ್ದಾರೆ ಅಂತ.

ಮತ್ತೆ ಒಳಗೆ ತಳ್ಳಿ ನೋಡಿದ. ಮುಳ್ಳು ಎದ್ದಿತು. ಈ ಸಲ ಕೊಳವೆ ಎಳೆದರೆ... ಬರಲಿಲ್ಲ. ಎಲ್ಲೋ ಸಿಕ್ಕಿಕೊಂಡಿದೆ ಅಂತ ಸ್ವಲ್ಪ ಜೋರು ಮಾಡಿದ. ಆಚೆಯಿಂದ ಯಾರೂ ಎಳೆಯುತ್ತಿರಲಿಲ್ಲ, ಅದನ್ನು ಅವನು ಒತ್ತಿ ಒತ್ತಿ ಹೇಳುತ್ತಾನೆ. ಬಿಡಲೊಲ್ಲದ ಮಗು ಹಿಡಿದುಕೊಂಡಂತೆ ಬರೀ ಹಿಡಿದುಕೊಂಡಿತ್ತು. ಅವ್ವ ಬಗ್ಗಿ, ಬಿಡ್ರಿ, ಅಂತ ಮೆಲ್ಲಗೆ ಅಂದಳು. ಕೊಳವೆ ಸಡಿಲವಾಗಿ ಅವನ ಕೈಗೆ ಬಂತು.

ಅವತ್ತು ಗುರುಬಸವ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಸಂತೋಷ. ಅವ್ವನಿಗೆ ಹುಚ್ಚು ಹಿಡಿದಿಲ್ಲ. ಅಪ್ಪ ಎಲ್ಲಿಯೂ ಹೋಗಿಲ್ಲ, ತನ್ನ ಗಾಡಿಯಲ್ಲೇ ಇದ್ದಾನೆ. ಒಳಗೆ ಹೋಗಿ ಕಾವ್ಯಾಳನ್ನು ಎಬ್ಬಿಸಿ ಕರೆತಂದ. ಅವಳು ಮುಳ್ಳು ನೋಡಿದಳು, ತನ್ನ ಮುಷ್ಟಿಯಲ್ಲಿ ಹಿಡಿದೂ ನೋಡಿದಳು. ಒಳಗೆ ಹೋಗಿ ಅತ್ತೆಗೆ ದಪ್ಪ ಶಾಲು ತಂದು ಹೊದಿಸಿದಳು. ಡಾಕ್ಟರ ಮಾತು ಅಲ್ಲಿಗೆ ನಿಂತಿತು.

ಆ ವಾರವೆಲ್ಲ ಗುರುಬಸವ ಬ್ಯಾಚು ಬೇಗ ಮುಗಿಸಿ ಓಡಿ ಬರುತ್ತಿದ್ದ. ಅವ್ವ ಎದ್ದ ಮೇಲೆ ತಾನೊಬ್ಬನೇ ಕೂತು, ಅಪ್ಪ, ಕೊನೆಗೆ ನಿನಗೆ ನೋವಾಯಿತಾ ಅಂತ ಕೇಳುತ್ತಿದ್ದ. ಮುಳ್ಳು ಇದ್ದಲ್ಲೇ ಇರುತ್ತಿತ್ತು. ಅದೇ ಅವನಿಗೆ ಸಾಕಾಗಿತ್ತು.

ಭಾನುವಾರ ಬಂತು, ಹೇಮಂತನೂ ಬಂದ. ಕಡೆಸಿದ ತುಣುಕು, ತಗಡಿನ ಬಳೆ, ಕೆನೆ ಬಣ್ಣದ ಪುಟ್ಟ ಡಬ್ಬಿ ಎಲ್ಲ ತಂದಿದ್ದ. ಗುರುಬಸವನಿಗೆ ಈಗ ಬೇಡವಾಗಿತ್ತು. ಆ ಜಾಗ ಕಲಕುವುದಕ್ಕೆ ಮನಸ್ಸಿಲ್ಲ, ಅದನ್ನು ಹೇಳಲು ಬಾಯಿಯೂ ಇಲ್ಲ. ತಲೆನೋವು ಅಂದ, ಮುಂದಿನ ವಾರ ನೋಡೋಣ ಅಂದ. ಜಗಲಿಯ ಮೇಲೆ ಕೂತಿದ್ದ ಶರಣಬಸಮ್ಮನೇ ಕೂಗಿ ಹೇಳಿದಳು, ತಂದಾನ, ಹಾಕಿಸಿಬಿಡು, ಅದನ್ನ ಕಿತ್ತು ಹಿಂದ ಏನೈತಿ ನೋಡು.

ಹೇಮಂತ ಆಶ್‌ಟ್ರೇಯ ಸುತ್ತ ಬ್ಲೇಡು ಆಡಿಸಿದ. ಗಟ್ಟಿಯಾಗಿದ್ದ ಬಣ್ಣ ಚರಚರ ಅಂತು. ಎರಡು ಕೈಯಲ್ಲಿ ಹಿಡಿದು ಎಳೆದ... ಕಟಕ್. ಬಾಯಿ ತೆರೆಯಿತು. ಬೆಳಕು ಬಿಟ್ಟು ನೋಡಿ, ಸಾರ್, ಬೆಳ್ಳಿದು ಏನೋ ಇದೆ ಅಂದ. ತಗಡಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಕಪ್ಪು ಹಿಡಿದ ಬೆಳ್ಳಿಯ ಕರಡಿಗೆ, ಇಷ್ಟಲಿಂಗ ಇಡುವ ಪುಟ್ಟ ಡಬ್ಬಿ. ಕೊರಳಿಗೆ ಹಾಕುವ ಶಿವದಾರ ಅದಕ್ಕೇ ಸುತ್ತಿತ್ತು.

"ನಿಮ್ಮ ತಂದೆಯವರ ಲಿಂಗ ಅನ್ಸುತ್ತೆ ಸಾರ್," ಅಂದ ಹೇಮಂತ. ಪಾಪ, ಅವನಿಗೇನು ಗೊತ್ತು.

ಗುರುಬಸವ ಕರಡಿಗೆಯನ್ನು ತಿರುಗಿಸಿ ನೋಡಿದ. ನಮ್ಮಲ್ಲಿ ಲಿಂಗ ಕಟ್ಟಿಸಿಕೊಂಡವರು ಅದನ್ನು ಮೈಯಿಂದ ಬಿಡುವುದಿಲ್ಲ. ಸತ್ತರೂ ಎಡಗೈಯಲ್ಲಿ ಅದೇ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅಮೃತಪ್ಪನವರ ಲಿಂಗವನ್ನು ಅವರ ಅಂಗೈಯಲ್ಲಿ ಇಟ್ಟು ಬೆರಳು ಮಡಿಸಿದವನು ಈ ಗುರುಬಸವನೇ. ಮೇಲೆ ಮೊದಲ ಹಿಡಿ ಮಣ್ಣು ಹಾಕಿದವನೂ ಅವನೇ. ಅಪ್ಪನ ಲಿಂಗ ಅಪ್ಪನ ಕೈಯಲ್ಲಿದೆ. ಹಾಗಾದರೆ ಇದು ಯಾರದು? ಇದನ್ನು ಹಿಡಿದುಕೊಂಡಿದ್ದ ಕೈ ಯಾರದು?

ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಅವ್ವನ ಮುಖ ನೋಡಲಿಕ್ಕೆ ಧೈರ್ಯ ಬರಲಿಲ್ಲ. ಹೇಮಂತ ಅವನ ಪಾಡಿಗೆ ಗುಂಡನ್ನು ಇಂಜಿನ್ನಿಗೆ ಕೂರಿಸಿ, ಬಳೆಗೆ ಗೇಜು ಸೇರಿಸಿ, ಬಟ್ಟೆಯಿಂದ ಒರೆಸಿದ. ಕಂಪನಿಯಿಂದಲೇ ಹಾಗೆ ಬಂದಿತ್ತೇನೋ ಅನ್ನುವಷ್ಟು ಚೆನ್ನಾಗಿ ಕೂತಿತು. ಹೊಸ ಬ್ಯಾಟರಿ ಹಾಕಿ ಚಾಲು ಮಾಡಿದರೆ ಗಾಡಿಯೂ ಒಂದೆರಡು ಸಲ ಕೆಮ್ಮಿ ಎದ್ದಿತು. ಗುರುಬಸವನಿಗೆ ಯಾವುದರ ಮೇಲೂ ಗಮನ ಇರಲಿಲ್ಲ. ಅವ್ವ ತಿನ್ನುತ್ತಿರುವುದು, ನಗುತ್ತಿರುವುದು, ಬದುಕಿರುವುದು ಗಂಡ ಗಾಡಿಯಲ್ಲಿ ಇದ್ದಾನೆ ಅಂತ. ಇಷ್ಟು ದಿನ ನೀನು ಊಟ ಆಯಿತಾ ಅಂತ ಕೇಳಿದ್ದು ಯಾವನೋ ಗುರುತಿಲ್ಲದವನನ್ನು ಅಂತ ಹೇಗೆ ಹೇಳುವುದು? ಹೇಳದೆ ಇದನ್ನು ಎಲ್ಲಿಯಾದರೂ ಒಪ್ಪಿಸಿ ಬಂದರೆ, ರಾತ್ರಿ ಅವಳು ತಣ್ಣನೆ ತಗಡಿನ ಮೇಲೆ ಕೈ ಇಟ್ಟು ಕಾಯುತ್ತ ಕೂರುತ್ತಾಳೆ. ಎರಡರಲ್ಲಿ ಯಾವುದು ಮಾಡಿದರೂ ಅವ್ವನನ್ನು ಮತ್ತೊಮ್ಮೆ ವಿಧವೆ ಮಾಡಿದಂತೆ. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಎದ್ದುಬಿಟ್ಟ.

ಸಂಜೆ ದೀಪ ಹಚ್ಚಿ ಅವ್ವ ಅವನ ಕೋಣೆಗೆ ಬಂದಳು. ಬಾಗಿಲು ಮುಂದಕ್ಕೆ ಮಾಡಿದಳು.

"ಜೇಬಿನಾಗ ಏನೈತಿ, ತಗಿ."

ತೆಗೆದು ಕೊಟ್ಟ. ಅವಳು ವಸ್ತ್ರ ಬಿಚ್ಚಿದಳು, ಕಣ್ಣಿಗೆ ಒತ್ತಿಕೊಂಡಳು, ಮತ್ತೆ ಸುತ್ತಿದಳು.

"ಅವ್ವ... ಇದು ಅಪ್ಪಂದಲ್ಲ."

"ಗೊತ್ತೈತಿ."

"ಅಲ್ಲಿ ಇದ್ದಾಂವ ಅಪ್ಪ ಅಲ್ಲ ಅವ್ವ."

"ನಾ ಎಂದರ ನಿಮ್ಮಪ್ಪ ಅಂದೀನೇನೊ?" ಅವಳ ದನಿ ಏರಲಿಲ್ಲ. "ನಿಮ್ಮಪ್ಪನ ಕೈ ಎಂದರ ಬಿಸಿ ಇದ್ವೇನು? ಬ್ಯಾಸಗ್ಯಾಗೂ ನೀರಾಗ ಅದ್ದಿ ತಗದಂಗ ಇರತಿದ್ವು. ಅವರ ಕೈ ಹಿಡದು ಬಾಳೇ ಮಾಡಾಕಿ ನಾನು, ನನಗ ಗೊತ್ತಾಗಂಗಿಲ್ಲೇನು? ಮೊದಲ ದಿನಾನ ಗೊತ್ತಾತು, ಇದು ಬ್ಯಾರೆ ಕೈ ಅಂತ."

ಮತ್ಯಾಕೆ ದಿನಾ ಹೋಗಿ ಕೂರುತ್ತಿದ್ದೆ ಅಂತ ಗುರುಬಸವ ಕೇಳಿದ.

"ನಿಮ್ಮಪ್ಪ ಬರತಾರಂತ ಹೋಗಿ ಕುಂತಿದ್ದೆ. ಅವರು ಬರಲಿಲ್ಲ, ಗುರು. ಒಂದ್ ದಿನಾನೂ ಬರಲಿಲ್ಲ. ಬಂದಿದ್ದು ಈ ಜೀವ ಒಂದ. ತಗಡಿನ ಹಿಂದ ತಡಕಾಡಾಕತ್ತಿತ್ತು. ನಾ ಕೆಳಗಿಂದ ಕೈ ಹಾಕಿದ್ನಿ, ಸಿಕ್ಕಿದ್ದೇ ಗಟ್ಟಿ ಹಿಡಕೊಂತು... ಬಿಡಿಸಿಕೊಂಡು ಎದ್ದು ಬರಾಕ ಮನಸ್ಸಾಗಲಿಲ್ಲ."

ಆಮೇಲೆ ಅವಳು ಒಂದು ಸಂಗತಿ ಹೇಳಿದಳು. ಗುರುಬಸವ ಸಣ್ಣವನಿದ್ದಾಗ ಅಮೃತಪ್ಪ ಒಮ್ಮೆ ಗಾಡಿಯ ಸೀಟೆಲ್ಲ ಕಿತ್ತು ಅಂಗಳಕ್ಕೆ ಹಾಕಿ ಹುಡುಕಿದ್ದರಂತೆ. ಏನು ಕಳೆದಿದೆ ಅಂದರೆ ಹೇಳಲಿಲ್ಲ. ಅದರ ಮುಂಚಿನ ದಿನ ಊರ ಕಡೆಯ ಒಬ್ಬರನ್ನು ಆಪರೇಷನ್ನಿಗೆ ಬಿಟ್ಟು ಬಂದಿದ್ದರು. ಒಳಗೆ ಒಯ್ಯುವಾಗ ಮೈಮೇಲಿನದೆಲ್ಲ ತೆಗೆಸುತ್ತಾರಲ್ಲ. ನರ್ಸಿನ ಕೈಗೆ ಲಿಂಗ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ನಮ್ಮವರೇ ಆದ ಅಮೃತಪ್ಪನ ಕೈಗೆ ಕೊಟ್ಟಿರಬೇಕು, ಬಂದು ತೊಗೊಳ್ತೀನಿ ಅಂದಿರಬೇಕು. ಅವರು ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆಯ ಮೇಲೆ ಇಟ್ಟಿರಬೇಕು, ಅದು ಜಾರಿ ಹಿಂದೆ ಹೋಗಿರಬೇಕು. ಆ ಮನುಷ್ಯ ಹೊರಗೆ ಬರಲಿಲ್ಲ. ಎಡಗೈಯಲ್ಲಿ ಯಾವುದೋ ಬೇರೆ ಲಿಂಗ ಇಟ್ಟು ಮಣ್ಣು ಮಾಡಿದ್ದಾರೆ. ಭಾಳ ದಿನ ಅಮೃತಪ್ಪನವರಿಗೆ ಅನ್ನ ಸೇರಲಿಲ್ಲ ಅಂದಳು. ಇದೆಲ್ಲ ಶರಣಬಸಮ್ಮನ ಊಹೆ. ಹೌದು ಅನ್ನುವವರು ಯಾರೂ ಉಳಿದಿಲ್ಲ.

"ಗಾಡಿ ಓಡಾಡೂತನಕ, ನನ್ನ ಊರಿಗೆ ಒಯ್ತಾರಂತ ಆ ಜೀವ ಸುಮ್ಮನ ಕುಂತಿರಬೇಕು. ಗಾಡಿ ನಿಂತ ಮ್ಯಾಲ ಹೆದರೈತಿ. ನಡಿ, ಒಯ್ದು ಬಿಡೋಣ."

ಮರುದಿನ ಬೆಳಗಿನ ಜಾವಕ್ಕೆ ಹೊರಟರು. ಜೊತೆಗೆ ಅವರ ಮನೆಯ ಪೂಜೆಗೆ ಬರುವ ಜಂಗಮರು, ವೈಜನಾಥ ಸ್ವಾಮಿಗಳು. ಊರು ಯಾವುದು ಅಂತ ಗೊತ್ತಿಲ್ಲದ ಲಿಂಗ, ನಮ್ಮ ನೆಲದ ಹರಿಯುವ ನೀರಿಗೆ ಒಪ್ಪಿಸೋಣ ಅಂತ ಅವರೇ ಹೇಳಿದ್ದರು. ರಾಯಚೂರಿನ ಹಾದಿಯಲ್ಲಿ ಕೃಷ್ಣಾ ನದಿಗೆ. ಅಷ್ಟು ದಿನ ನಿಂತ ಗಾಡಿ ಅಷ್ಟು ದೂರ ಓಡಿತು. ದಾರಿಯುದ್ದಕ್ಕೂ ಮುಳ್ಳು ನಡುವಿನಲ್ಲೇ ಇತ್ತು, ಇಂಜಿನ್ನಿನ ಬಿಸಿ, ಬೇರೆ ಏನೂ ಅಲ್ಲ. ಕರಡಿಗೆ ಶರಣಬಸಮ್ಮನ ಮಡಿಲಲ್ಲಿತ್ತು. ಎರಡೂ ಕೈ ಅದರ ಮೇಲೆ ಮುಚ್ಚಿ ಕೂತಿದ್ದಳು. ಮೆಹಬೂಬನಗರದಲ್ಲಿ ಚಹಾಕ್ಕೆ ನಿಲ್ಲಿಸಿದರೂ ಕೆಳಗೆ ಇಳಿಯಲಿಲ್ಲ.

ಹೊಳೆಯ ದಂಡೆಯಲ್ಲಿ ಸ್ವಾಮಿಗಳು ನೀರಿಗೆ ಇಳಿದು ನಿಂತರು. ಕರಡಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿ ತೆರೆದರು... ಒಂದು ಕ್ಷಣ ಹಾಗೇ ನಿಂತುಬಿಟ್ಟರು. ದಂಡೆಯ ಕಡೆ ತಿರುಗಿ ತಾಯಿ ಮಗನನ್ನು ನೋಡಿದರು. ಮುಚ್ಚಿ ನೀರಿಗೆ ಬಿಟ್ಟರು.

ಆಗ ಅತ್ತಳು ಶರಣಬಸಮ್ಮ. ಗಂಡ ಹೋದಾಗ ಅಳದವಳು ಕೃಷ್ಣೆಯ ಮರಳಿನಲ್ಲಿ ಕುಕ್ಕರಿಸಿ ಕೂತು, ಬರಲಿಲ್ಲಲ್ಲೊ ಅವರು, ಬರಲಿಲ್ಲಲ್ಲೊ ಅಂತ ದನಿ ತೆಗೆದು ಅತ್ತಳು. ಗುರುಬಸವ ಅವಳ ಪಕ್ಕ ಕೂತ. ಸಮಾಧಾನ ಮಾಡಲಿಲ್ಲ. ಅಷ್ಟು ತಿಂಗಳು ನಿಂತಿದ್ದ ಅಳು, ಅದನ್ನು ತಡೆಯಬಾರದು ಅಂತ ಅವನಿಗೂ ಅನ್ನಿಸಿತು.

ಅವತ್ತಿನಿಂದ ಅವಳು ಕಾರಿನ ಹತ್ತಿರ ಹೋಗುವುದಿಲ್ಲ. ಊಟ ಮಾಡುತ್ತಾಳೆ, ಕಡಿಮೆ. ಮಾತಾಡುತ್ತಾಳೆ, ಕಡಿಮೆ. ಮುಳ್ಳು ಗಾಡಿ ಓಡಿಸಿದರೆ ಮಾತ್ರ ಏಳುತ್ತದೆ. ಬೇಕಿದ್ದರೆ ಹೋಗಿ ನೋಡಿ, ಗುರುಬಸವ ಬೇಡ ಅನ್ನುವುದಿಲ್ಲ.

ಇಷ್ಟೇ ಆಗಿದ್ದರೆ ತಾಯಿ ಮಗನ ಭ್ರಮೆ ಅನ್ನಬಹುದಿತ್ತು. ಆದರೆ ವಾಪಸು ಬರುವಾಗ, ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮೇಲೆ, ಸ್ವಾಮಿಗಳು ಮೆಲ್ಲಗೆ ಗುರುಬಸವನಿಗೆ ಒಂದು ಮಾತು ಹೇಳಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಈಗಲೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಕರಡಿಗೆಯ ಹೊರಗೆ ಅಷ್ಟು ವರ್ಷದ ಮಸಿ ಇತ್ತು, ಮುಚ್ಚಳ ಬಿಗಿದುಹೋಗಿತ್ತು, ಬಲ ಹಾಕಿ ತಿರುವಬೇಕಾಯಿತು. ನೀರಿಗೆ ಬಿಡುವ ಮುಂಚೆ ಕೊನೆಯದಾಗಿ ವಿಭೂತಿ ಹಚ್ಚೋಣ ಅಂತ ತೆರೆದಿದ್ದರು.

ಒಳಗಿನ ಲಿಂಗಕ್ಕೆ ಆಗಲೇ ಹಚ್ಚಿತ್ತು. ಮೂರು ಬೆರಳಿನ ವಿಭೂತಿ, ಇನ್ನೂ ಹಸಿ ಇತ್ತು.